ಬೆನ್ನು ನೋಡಬೇಕು

ಹಂಪನಕಟ್ಟೆಯ ಅಂಗಡಿ. ಒಳಗೆ ತಣ್ಣಗೆ.
ನನ್ನ ಸೆರಗಿನಲ್ಲಿ ಇನ್ನೂ ದಕ್ಕೆಯ ವಾಸನೆ.
ಎರಡು ಸಲ ಸಾಬೂನು ಹಚ್ಚಿ, ಲಿಂಬೆ ತಿಕ್ಕಿ ತೊಳೆದ ಕೈ
ಗಾಜಿನ ಮೇಜಿನ ಮೇಲೇರಲು ಅನುಮಾನಿಸಿತು.

ನರಹರಿ ಶೇಟರು ಮೂರು ಕಲ್ಲು ತೆಗೆದಿಟ್ಟರು
ಕಪ್ಪು ಮಖಮಲ್ಲಿನ ಮೇಲೆ.
ಮೂರೂ ಒಂದೇ. ಮೂರೂ ಬೆಂಕಿ.
'ಹೀಗೆ ಗೊತ್ತಾಗುವುದಿಲ್ಲ' ಎಂದವರು
ಬಿಳಿ ಕಾಗದವೊಂದನ್ನು ನಡುವೆ ಮಡಚಿ
ಆ ಮಡಿಕೆಯಲ್ಲಿ ಕಲ್ಲುಗಳನ್ನು
ಬೋರಲು ಮಲಗಿಸಿದರು.
'ಮುಖ ಹೊಳೆಯುತ್ತದೆ, ಹೊಳಪು ಕಣ್ಣು ಕಟ್ಟುತ್ತದೆ.
ಬಣ್ಣ ತಿಳಿಯಲು ಬೆನ್ನು ನೋಡಬೇಕು.'

ಅಷ್ಟು ಹೇಳಿದ್ದೇ ತಡ,
ಅಂಗಡಿ ನನಗೆ ಪರಿಚಯದ್ದಾಯಿತು.
ಹದಿನೆಂಟು ವರ್ಷ ನಾನು ಮಾಡಿದ್ದೂ ಇದನ್ನೇ,
ಬೆಳಗಿನ ನಾಲ್ಕೂವರೆಗೆ, ಬಂದರಿನಲ್ಲಿ, ಟಾರ್ಚು ಹಿಡಿದು.
ಅಂಜಲಿನ ಮೈ ಬೆಳ್ಳಿ ಎಂದು ಯಾರೂ ಕೂಗಬಹುದು,
ನಾನು ಕಿವಿರು ಎತ್ತುತ್ತೇನೆ.
ಕೆಂಪು ಎಷ್ಟು ಕೆಂಪು, ಕಂದಿಗೆ ಎಷ್ಟು ಹತ್ತಿರ.
ಅದಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ, ರೇಟು ಉಂಟು.

ಶೇಟರಲ್ಲಿ ಅಕ್ಷರ ಉಂಟು. ಡಿಯಿಂದ ಝಡ್ ತನಕ.
ಡಿ ಎಂದರೆ ಬಣ್ಣವೇ ಇಲ್ಲ,
ಇಳಿದಂತೆ ಇಳಿದಂತೆ ಹಳದಿ.
'ಎ, ಬಿ, ಸಿ ಎಲ್ಲಿ ಹೋದವು?'
ತೇಜಪಾಲ ಕೇಳಿದ, ಶಾಲೆಯಲ್ಲಿ ಹಿಂದಿನ ಬೆಂಚಿನವನ ಹಾಗೆ.
'ಹಿಂದಿನವರು ಆ ಅಕ್ಷರಗಳನ್ನು ಹೇಗೆ ಹೇಗೋ ಬಳಸಿ
ಕೆಡಿಸಿಬಿಟ್ಟಿದ್ದರಂತೆ.
ಹೊಸ ಲೆಕ್ಕದವರು ಅವನ್ನು ಮುಟ್ಟಲಿಲ್ಲ.'

ನಾನು ಕಾಗದವನ್ನೇ ನೋಡುತ್ತಿದ್ದೆ.
ನನಗೂ ಉಂಟಲ್ಲ ಮೊದಲಿನ ಮೂರಕ್ಷರ,
ಒಬ್ಬ ಬಳಸಿ, ಅರ್ಧಕ್ಕೆ ಬಿಟ್ಟು, ಮುಂಬೈ ಬಸ್ಸು ಹತ್ತಿದ್ದು.
ತೇಜಪಾಲ ಮೇಜಿನ ಕೆಳಗೆ ನನ್ನ ಕಾಲನ್ನು
ತನ್ನ ಕಾಲಿನಿಂದ ಮೆಲ್ಲ ತಟ್ಟಿದ.
ಡಿಯಿಂದ ಶುರು ಮಾಡುವ ಮಾರಾಯ್ತಿ, ಎಂಬಂತೆ.

ಅವನಿಗೆ ಡಿಯೇ ಬೇಕು.
ಬೋಟಿನ ಇಂಜಿನು ಬಿಚ್ಚಿ ಕಟ್ಟಿ ಕೂಡಿಸಿದ ದುಡ್ಡು
ಅಂಗಿಯ ಜೇಬಿನಲ್ಲಿ ರಬ್ಬರು ಸುತ್ತಿ ಕೂತಿದೆ.
ನಾನು ಮೂರನ್ನೂ ಕಾಗದ ಸಮೇತ ಬಾಗಿಲಿಗೆ ಒಯ್ದೆ.
ಶೇಟರ ಹುಡುಗ ಗಾಬರಿಯಾಗಿ ಹಿಂದೆಯೇ ಓಡಿಬಂದ.
ಅಂಗಡಿಯ ದೀಪವನ್ನು ನಾನು ನಂಬುವವಳಲ್ಲ.
ಕೆಂಪು ಕೊಡೆಯ ಕೆಳಗೆ
ಮೊನ್ನೆಯ ಬಂಗುಡೆಗೂ ಜೀವ ಬರುತ್ತದೆ.

ಹೊರಗೆ ಸಂಜೆ ನಾಲ್ಕರ ಬೆಳಕು,
ಸುರತ್ಕಲ್, ಸುರತ್ಕಲ್ ಎಂದು ಕಂಡಕ್ಟರ್ ಕೂಗುವ ನಡುವೆ
ಡಿ ಬಿಳುಪಾಗಿತ್ತು,
ನಾಲ್ಕು ದಿನ ಐಸಿನಲ್ಲಿ ಮಲಗಿದ ಮಾಂಜಿಯ ಬಿಳುಪು.
ತಪ್ಪಿರಲಿಲ್ಲ ಅದರಲ್ಲಿ. ಮಾತೂ ಇರಲಿಲ್ಲ.
ಮೂರನೆಯದು, ಜೆ,
ಗಾಣದಿಂದ ಆಗಷ್ಟೇ ಬಂದ ತೆಂಗಿನೆಣ್ಣೆಯಲ್ಲಿ
ಒಂದು ಹನಿಯನ್ನು ಬಿಸಿಲಿಗೆ ಹಿಡಿದ ಹಾಗೆ.

'ಹಳದಿ ಚಿನ್ನದಲ್ಲಿ ಕೂರಿಸಿದರೆ
ಈ ಹಳದಿ ಯಾರಿಗೂ ಕಾಣುವುದಿಲ್ಲ' ಎಂದರು ಶೇಟರು,
ಸಮಾಧಾನದ ದನಿಯಲ್ಲಿ.
ಕಂಡರೆ ಕಾಣಲಿ.
ನೋಟು ಪರೀಕ್ಷಿಸುವ ದೀಪದ ಕೆಳಗೆ ಅದನ್ನೊಮ್ಮೆ ಇಟ್ಟರು,
ಕಲ್ಲು ನೀಲಿಯಾಗಿ ಉರಿಯಿತು,
ಕೆಲವು ರಾತ್ರಿ ಬೋಟು ಸೀಳಿದಲ್ಲೆಲ್ಲ
ಕಡಲು ಉರಿಯುವ ಹಾಗೆ.
ತೇಜಪಾಲ ತಲೆ ತುರಿಸಿಕೊಂಡ. 'ಕಡಿಮೆ ರೇಟಿನದಲ್ವಾ ಅದು?'

ಅವನಿಗೆ ಗೊತ್ತಿಲ್ಲ.
ನಾನು ಅವನನ್ನು ಮೊದಲು ಕಂಡದ್ದು ಹಿಂದಿನಿಂದ.
ಗ್ರೀಸು ಮೆತ್ತಿದ ಬನಿಯನು, ಬಾಗಿದ ಬೆನ್ನು,
ಡಬ್ಬಿಯ ಗಂಜಿಯನ್ನು ಅರ್ಧಕ್ಕರ್ಧ
ಒಡಿಶಾದ ಹುಡುಗನೊಬ್ಬನ ಮುಚ್ಚಳಕ್ಕೆ ಬಗ್ಗಿಸುತ್ತಿದ್ದ.
ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದ.
ಮುಖ ನೋಡಿದ್ದು ಆಮೇಲೆ.
ಮುಖ ಅಷ್ಟಕ್ಕಷ್ಟೆ.

ಬೆರಳಿನ ಅಳತೆಗೆ ಬಳೆಗಳ ಗೊಂಚಲಿನಂಥದ್ದೊಂದು ತಂದರು.
ಐಸು ಕುಟ್ಟಿ ಕುಟ್ಟಿ ದಪ್ಪವಾದ ಗೆಣ್ಣು,
ಹತ್ತೊಂಬತ್ತು ದಾಟಲಿಲ್ಲ, ಇಪ್ಪತ್ತು ದಾಟಲಿಲ್ಲ.
'ಮೀನು ಕೊಯ್ಯುವಾಗ ತೆಗೆದಿಡಬೇಕಮ್ಮಾ.'
ಇಲ್ಲ, ಕಲ್ಲನ್ನು ಅಂಗೈ ಕಡೆ ತಿರುಗಿಸಿಕೊಳ್ಳುತ್ತೇನೆ ಎಂದೆ.
ಇಪ್ಪತ್ತೆರಡು, ಎಂದು ಹುಡುಗ ಬರೆದುಕೊಂಡ.